ಕಂಬಳಿಯ ನಾಲ್ಕು ಮೂಲೆ

ಮಗಳ ಬಾಣಂತನಕ್ಕೆಂದು ಡಾಕ್ಟರು ಬರೆದುಕೊಟ್ಟಿದ್ದ ಮುಲಾಮಿನ ಮುಚ್ಚಳ ತಿರುಗಿಸಿದ್ದೇ ತಡ, ಮನೆಯೊಳಗೆ ಕುರಿಯೊಂದು ಬಂದು ನಿಂತ ಹಾಗಾಯಿತು. ತೀರಾ ಸಣ್ಣ ವಾಸನೆ. "ಇದಕ್ಕೆ ವಾಸನೆಯೇ ಇಲ್ಲವಲ್ಲಮ್ಮ" ಎಂದಳು ಮಗಳು. ಅವಳಿಗೆ ಬರುವುದಿಲ್ಲ, ಕುರಿ ರೊಪ್ಪದ ಪಕ್ಕದಲ್ಲಿ ಹುಟ್ಟಿ ಬೆಳೆದ ಮೂಗಿಗೆ ಮಾತ್ರ ಅದು ತಿಳಿಯುತ್ತದೆ. ಟ್ಯೂಬಿನ ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಲ್ಯಾನೋಲಿನ್ ಎಂದು ಬರೆದಿತ್ತು. ಅಂದರೆ ಉಣ್ಣೆಯ ಜಿಡ್ಡು. ಹಾಲೂಡಿಸುವ ತಾಯಿಯ ಬಿರಿದ ಮೈಗೆ ಹಚ್ಚುತ್ತಾರಂತೆ. ಬೆರಳ ತುದಿಗೆ ಚೂರು ತೆಗೆದುಕೊಂಡು ಮೂಸಿದೆ. ಹೊಸದುರ್ಗದ ನಮ್ಮ ಹಿತ್ತಲು, ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಕುದಿಯುವ ಹಂಡೆ, ಹಂಡೆಯ ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತ ಮೇಡಂ...

ಅವರನ್ನು ನಮ್ಮ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ಕಾಲೇಜಿಗೆ ಅವರು ಕೆಮಿಸ್ಟ್ರಿ ಮೇಡಂ. ಅವ್ವನಿಗೆ ಮೇಡಂನೋರು. ಅಜ್ಜನಿಗೆ ಬರೀ 'ಆ ತಾಯಿ'. ಎಪ್ಪತ್ತರ ದಶಕದ ನಡುವೆ ಹೊಸದುರ್ಗದ ಕಾಲೇಜಿಗೆ ಬಂದವರು. ಕಡಲ ಕಡೆಯ ಊರು, ಪುಸ್ತಕದಲ್ಲಿ ಅಚ್ಚಾದಂಥ ಕನ್ನಡ. ಅವರು 'ಎಂತ' ಅಂದರೆ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಒಂಟಿ ಹೆಂಗಸಿಗೆ ಬಾಡಿಗೆ ಮನೆ ಕೊಡುವವರು ಆಗ ಊರಿನಲ್ಲಿ ಕಡಿಮೆ. ಎಲ್ಲ ಕಡೆ ಕೇಳಿ ಸಾಕಾಗಿ, ಊರ ಅಂಚಿನಲ್ಲಿದ್ದ ನಮ್ಮ ಮನೆಯ ಮುಂದಿನ ಕೋಣೆಗೆ ಬಂದಿದ್ದರು.

ಅವರು ಬಂದದ್ದು ನನ್ನ ಪುಣ್ಯ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಅಜ್ಜ "ಇಷ್ಟು ಸಾಕು" ಎಂದುಬಿಟ್ಟಿದ್ದ. ಅಪ್ಪ ವರ್ಷದ ಹೆಚ್ಚು ಕಾಲ ಕುರಿ ಮಂದೆ ಹೊಡೆದುಕೊಂಡು ದೂರದ ಸೀಮೆಗಳಲ್ಲಿ ಇರುತ್ತಿದ್ದ. ಹಾಗಾಗಿ ಮನೆಯಲ್ಲಿ ನಡೆಯುತ್ತಿದ್ದದ್ದು ಅಜ್ಜನ ಮಾತು. ನಮ್ಮ ಕುರಿ ಸಾಕುವವರ ಕೇರಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಹೆಣ್ಣುಮಗಳು ಅಲ್ಲಿಯವರೆಗೆ ಒಬ್ಬಳೂ ಇರಲಿಲ್ಲ. ಮೇಡಂ ಮುಂದಿನ ಕೋಣೆಗೆ ಬಂದ ಮೇಲೆ ಅವ್ವ ಮೆಲ್ಲಗೆ ಮಾತು ತೆಗೆದಳು. ಅಜ್ಜ "ಆ ತಾಯಿ ಜತೀಗೆ ಹೋಗಿ ಆ ತಾಯಿ ಜತೀಗೇ ಬರಂಗಿದ್ರೆ ಹೋಗ್ಲಿ. ಆ ತಾಯಿ ಮ್ಯಾಲೆ ನಂಬಿಕೆ ಐತೆ ನಂಗೆ" ಎಂದ. ನನ್ನ ಓದು ನಡೆದದ್ದು ಆ ಒಂದು ನಂಬಿಕೆಯ ಮೇಲೆ, ನನ್ನ ಬುದ್ಧಿವಂತಿಕೆಯ ಮೇಲಂತೂ ಅಲ್ಲ.

ಬುದ್ಧಿವಂತಿಕೆ ಎಂಬುದು ಇದ್ದರೂ ಆಗ ಅದು ಇಂಗ್ಲಿಷಿನ ಕೆಳಗೆ ಸಿಕ್ಕಿ ಒದ್ದಾಡುತ್ತಿತ್ತು. ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿದವಳಿಗೆ ಕಾಲೇಜಿನಲ್ಲಿ ಏಕಾಏಕಿ ಪೋಲಾರಿಟಿ, ಎಲೆಕ್ಟ್ರೋನೆಗೆಟಿವಿಟಿ. ಆ ಎರಡನೆಯ ಪದವನ್ನು ಒಂದೇ ಉಸಿರಿಗೆ ಹೇಳುವುದೇ ನನಗೊಂದು ಪರೀಕ್ಷೆಯಾಗಿತ್ತು. ಸಂಜೆ ಮೇಡಂ ನಮ್ಮ ಜಗಲಿಯ ಮೇಲೆ ಕೂತು ಅದನ್ನೆಲ್ಲ ಬಿಡಿಸಿ ಹೇಳುತ್ತಿದ್ದರು. ಒಂದು ಸಂಜೆ ಕೇಳಿದರು: "ರಾತ್ರಿ ನೀನೂ ಅವ್ವನೂ ಒಂದೇ ಕಂಬಳಿ ಹೊದೆಯುವುದಲ್ಲ? ಬೆಳಿಗ್ಗೆ ಏಳುವಾಗ ಕಂಬಳಿ ಯಾರ ಕಡೆಗೆ ಇರುತ್ತದೆ?"

"ಅವ್ವನ ಕಡೀಗೆ."

"ಹಾಗಾದರೆ ನಿನ್ನ ಅವ್ವ ಆಕ್ಸಿಜನ್. ನೀನು ಪಾಪದ ಹೈಡ್ರೋಜನ್."

ಅವ್ವ ಒಳಗಿನಿಂದಲೇ "ನಾನೇನಾದೆ?" ಎಂದು ಕೂಗಿದಳು. ಮೇಡಂ ನಕ್ಕು ನಕ್ಕು ಸುಸ್ತಾದರು. ಎರಡು ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಒಂದಾಗಿರುತ್ತವೆ. ಆದರೆ ಹಂಚಿಕೆ ಸಮವಾಗಿಯೇ ಇರಬೇಕೆಂದಿಲ್ಲ. ತನ್ನ ಕಡೆ ಎಳೆದುಕೊಳ್ಳುವ ಆಸೆ ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ. ಆ ಆಸೆಯ ಹೆಸರೇ ಎಲೆಕ್ಟ್ರೋನೆಗೆಟಿವಿಟಿ. ಆಸೆ ಹೆಚ್ಚಿದ್ದ ಕಡೆ ಸ್ವಲ್ಪ ಋಣ ಚಾರ್ಜು, ಎಳೆಸಿಕೊಂಡ ಕಡೆ ಸ್ವಲ್ಪ ಧನ. ಇಷ್ಟು ನನ್ನ ತಲೆಗೆ ಹೋಯಿತು. ಆ ರಾತ್ರಿ ಕಂಬಳಿ ಎಳೆದುಕೊಂಡ ಅವ್ವನನ್ನು ನೋಡಿ ನನಗೆ ಕತ್ತಲಲ್ಲೇ ನಗು ಬಂತು.

ತಲೆಗೆ ಹೋಗದೆ ಉಳಿದದ್ದು ಅದರ ಮುಂದಿನ ಮಾತು. ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ನಡುವೆ ಒಂದು ಕಾರ್ಬನ್, ಸುತ್ತ ನಾಲ್ಕು ಕ್ಲೋರಿನ್. ಕ್ಲೋರಿನ್ ಮಹಾ ಆಸೆಬುರುಕ. ನಾಲ್ಕು ಕಡೆಯೂ ಎಳೆದಾಟ ಇದೆ. ಆದರೂ ಒಟ್ಟು ಅಣುವಿಗೆ ಧನದ ತುದಿ, ಋಣದ ತುದಿ ಎಂಬುದೇ ಇಲ್ಲ. ನಾಲ್ಕರಲ್ಲಿ ಒಂದನ್ನು ತೆಗೆದು ಹೈಡ್ರೋಜನ್ ಇಟ್ಟರೆ ಅದು ಕ್ಲೋರೋಫಾರಂ, ಅದಕ್ಕೆ ತುದಿಗಳಿವೆ. ಹೇಗೆ? "ಆಕಾರದಿಂದ" ಎನ್ನುತ್ತಿದ್ದರು ಮೇಡಂ. ಜೇಡಿಮಣ್ಣಿನ ಉಂಡೆಗೆ ಪೊರಕೆ ಕಡ್ಡಿ ಚುಚ್ಚಿ ತೋರಿಸಿದರು. ನನಗೆ ಕಂಡದ್ದು ಮಣ್ಣು ಮತ್ತು ಕಡ್ಡಿ ಮಾತ್ರ. ನಾಲ್ಕು ಜನ ಜಗಳಗಂಟರು ಸೇರಿದರೆ ಮನೆ ಶಾಂತವಾಗಿರುತ್ತದೆ ಎಂದರೆ ಯಾರು ನಂಬುತ್ತಾರೆ? ಮೊದಲ ವರ್ಷದ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿತ್ತು, ಬಿಟ್ಟು ಬಂದೆ. ಉಳಿದದ್ದರಲ್ಲಿ ಹೇಗೋ ದಡ ಸೇರಿದೆ.

ಕಂಬಳಿಯ ಸಂಗತಿ ಶುರುವಾದದ್ದು ಅದೇ ವರ್ಷದ ಚಳಿಗಾಲದಲ್ಲಿ. ಕಡಲ ಕಡೆಯವರಿಗೆ ನಮ್ಮ ಬಯಲ ಚಳಿ ಗೊತ್ತಿರಲಿಲ್ಲ. ತೆಳ್ಳನೆಯ ಹತ್ತಿ ಹೊದಿಕೆಯೊಳಗೆ ಅವರು ನಡುಗುತ್ತಿದ್ದದ್ದನ್ನು ನೋಡಿ ಅಜ್ಜ ತನ್ನ ಕರಿ ಕಂಬಳಿಯನ್ನೇ ತಂದು ಕೋಣೆಯ ಬಾಗಿಲಲ್ಲಿ ಇಟ್ಟ. "ಹೊದ್ಕಳ್ರಿ ತಾಯಿ. ಮಳೆ ಬರಗಂಟ ನಂಗೇನು ಕೆಲ್ಸ ಇಲ್ಲ ಇದರದು." ನಮ್ಮದೇ ಕುರಿಗಳ ಉಣ್ಣೆ, ತಾಳ್ಯದ ನಮ್ಮ ನೆಂಟರು ನೇಯ್ದುಕೊಟ್ಟದ್ದು. ಅಜ್ಜ ಪ್ರಾಯದಿಂದ ಹೊದ್ದದ್ದು ಅದನ್ನೇ. ಮಳೆಗಾಲದಲ್ಲಿ ಅದನ್ನು ಕೊಪ್ಪೆ ಮಾಡಿಕೊಂಡು, ಅಂದರೆ ತಲೆಯಿಂದ ಬೆನ್ನಿಗೆ ಇಳಿಯುವಂತೆ ಮಡಿಚಿ ಹೊದ್ದುಕೊಂಡು, ದಿನವಿಡೀ ಕುರಿಗಳ ಹಿಂದೆ ನಿಲ್ಲುತ್ತಿದ್ದ. ನೀರು ಮೇಲೆ ಮಣಿಮಣಿಯಾಗಿ ನಿಂತು ಉರುಳಿ ಹೋಗುತ್ತಿತ್ತು. ಮೊದಲ ದಿನ ಮೇಡಂ ವಾಸನೆಗೆ ಹೆದರಿ ಅದನ್ನು ಕಾಲಿನವರೆಗೆ ಮಾತ್ರ ಹೊದ್ದರು. ಆಮೇಲೆ ಸೊಂಟದವರೆಗೆ ಬಂತು. ಸಂಕ್ರಾಂತಿ ಹೊತ್ತಿಗೆ ಮೂಗಿನವರೆಗೆ ಎಳೆದುಕೊಂಡು ಮಲಗುತ್ತಿದ್ದರು.

ನಮ್ಮ ಮನೆಗಳಲ್ಲಿ ಕಂಬಳಿ ಒಗೆಯುವ ಪದ್ಧತಿ ಇಲ್ಲ. ಬಿಸಿಲಿಗೆ ಹಾಕುತ್ತಾರೆ, ಕೋಲಿನಿಂದ ಬಡಿದು ದೂಳು ಕೊಡವುತ್ತಾರೆ, ಅಷ್ಟೇ. ಅದಕ್ಕೆ ಮೈಲಿಗೆ ತಟ್ಟುವುದಿಲ್ಲ ಎಂದು ನಂಬಿಕೆ. ದೇವರ ಗದ್ದುಗೆಗೆ ಹಾಸುವುದೂ ಅದನ್ನೇ, ಹುಟ್ಟಿದ ಕೂಸನ್ನು ಮಲಗಿಸುವುದೂ ಅದರ ಮೇಲೆಯೇ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹೇಳಬೇಕು ಎಂದು ಹೊಳೆಯುವುದೂ ಇಲ್ಲ. ಮೇಡಂ ಊರಿನ ಪದ್ಧತಿಯೇ ಬೇರೆ. ಅಲ್ಲಿ ಇನ್ನೊಬ್ಬರಿಂದ ತಂದು ಮೈಗೆ ಹಾಕಿಕೊಂಡ ಬಟ್ಟೆಯನ್ನು ಒಗೆಯದೆ ವಾಪಸು ಕೊಟ್ಟರೆ ಕೊಟ್ಟವರಿಗೆ ಅವಮಾನ ಮಾಡಿದ ಹಾಗೆ.

ಬೇಸಿಗೆಯಲ್ಲಿ ನಾವೆಲ್ಲ ಒಂದು ಮದುವೆಗೆ ತಾಳ್ಯಕ್ಕೆ ಹೋಗಿದ್ದೆವು. ರಜೆಗೆ ಊರಿಗೆ ಹೊರಟಿದ್ದ ಮೇಡಂ ಮನೆಯಲ್ಲಿ ಒಬ್ಬರೇ ಇದ್ದರು. ಹಂಡೆಯಲ್ಲಿ ನೀರು ಕಾಯಿಸಿ, ವಾಷಿಂಗ್ ಸೋಡಾ ಹಾಕಿ, ಬಾರ್ ಸೋಪು ತುರಿದು ಹಾಕಿ, ಅಜ್ಜನ ಕಂಬಳಿಯನ್ನು ಕೈ ಸೋಲುವವರೆಗೆ ಉಜ್ಜಿ ಒಗೆದರು. ನಾವು ಬರುವ ಹೊತ್ತಿಗೆ ಅದು ಒಣಗಿ, ಮಡಿಸಿಕೊಂಡು ಜಗಲಿಯ ಮೇಲೆ ಕೂತಿತ್ತು. ಹಗುರವಾಗಿತ್ತು, ಮೆತ್ತಗಾಗಿತ್ತು, ಸ್ವಲ್ಪ ಕುಗ್ಗಿಯೂ ಇತ್ತು. ಸೋಪಿನ ಪರಿಮಳ ಬರುತ್ತಿತ್ತು. ಅಜ್ಜ ಅದನ್ನು ಎತ್ತಿ ಮೂಸಿದ. ಅವ್ವ ನನ್ನ ಮುಖ ನೋಡಿದಳು. ಮನೆಮಗಳಂತಿದ್ದ ಮೇಡಂ ಊರಿಗೆ ಹೊರಟು ನಿಂತಿದ್ದಾರೆ, ಅಜ್ಜ ಏನು ಹೇಳುವುದು? "ಚೆಂದ ಮಾಡೀರಿ ತಾಯಿ. ಹುಷಾರಾಗಿ ಹೋಗಿಬರ್ರಿ" ಎಂದ. ಮೇಡಂ ಮುಖ ಅರಳಿತು. ಅಜ್ಜನ ಕಾಲಿಗೆ ನಮಸ್ಕಾರ ಮಾಡಿ ಬಸ್ಸು ಹತ್ತಿದರು.

ಮುಂಗಾರು ಹಿಡಿದಾಗ ಅಜ್ಜ ಮಾಡದಕೆರೆ ಕಡೆಯ ಹುಲ್ಲುಗಾವಲಿನಲ್ಲಿ ಕುರಿ ಬಿಟ್ಟುಕೊಂಡಿದ್ದ. ಸಂಜೆ ಮನೆಗೆ ಬಂದಾಗ ಕಂಬಳಿ ಬಾವಿಯಿಂದ ಎತ್ತಿದಂತೆ ಸುರಿಯುತ್ತಿತ್ತು. ಅದು ನೀರನ್ನು ತಡೆಯುವ ಬದಲು ಕುಡಿದಿತ್ತು. ಅದರ ಭಾರಕ್ಕೇ ಅಜ್ಜನ ಬೆನ್ನು ಬಾಗಿತ್ತು. "ಕಂಬಳಿ ಕಂಬಳಿ ಕೆಲ್ಸ ಮಾಡದೆ ಇರ್ತತಾ ಅಂದ್ಕಂಡೆ..." ಎಂದು ಹಲ್ಲು ಕಟಕಟ ಎನ್ನುತ್ತಲೇ ಹೇಳಿದ. ಅಂದೇ ಜ್ವರ ಬಂತು. ಜ್ವರ ಇಳಿದರೂ ಕೆಮ್ಮು ಬಿಡಲಿಲ್ಲ. ಯಾವತ್ತೂ ಹಗಲು ಹೊತ್ತು ಮಲಗಿದವನಲ್ಲದ ಅಜ್ಜ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ.

ಕಾಲೇಜು ತೆರೆಯುವ ಹೊತ್ತಿಗೆ ಅಜ್ಜ ಅವ್ವನನ್ನು ಕರೆದು ಹೇಳಿದ: "ಹುಡುಗಿ ಇನ್ ಕಾಲೇಜಿಗೆ ಹೋಗಾದು ಬ್ಯಾಡ. ಓದ್ದೋರ ಮ್ಯಾಲೆ ನಂಗೇನು ಸಿಟ್ಟಿಲ್ಲ. ಆದ್ರೆ ಅವ್ರಿಗೆ ತೊಳ್ಯಾದು ಗೊತ್ತು, ಏನು ತೊಳ್ದು ಹೋತು ಅಂತ ಗೊತ್ತಾಗಲ್ಲ. ನಾಳೆ ಇವ್ಳೂ ಹಂಗೇ ಆಗ್ತಾಳೆ." ನಾನು ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡೆ. ಅಳು ಬಂತು. ರೊಟ್ಟಿ ಸೀದು ಹೋಯಿತು, ಅದಕ್ಕೂ ಅವ್ವನಿಂದ ಬೈಸಿಕೊಂಡೆ. ಅಪ್ಪನಿಗೆ ಹೇಳಿಕಳಿಸೋಣ ಎಂದರೆ ಅವನ ಮಂದೆ ಆಗ ಯಾವ ಊರ ಹೊಲದಲ್ಲಿ ಇತ್ತೋ.

ಮೇಡಂ ರಜೆ ಮುಗಿಸಿ ಬಂದದ್ದು ಹಲಸಿನ ಹಪ್ಪಳದ ಗಂಟಿನೊಂದಿಗೆ. ಅವ್ವ ಒಂದನ್ನೂ ಮುಚ್ಚಿಡದೆ ಬಾಗಿಲಲ್ಲೇ ಎಲ್ಲ ಹೇಳಿದಳು. ಮೇಡಂ ಗಂಟನ್ನು ಕೆಳಗಿಡುವುದನ್ನೂ ಮರೆತು ನಿಂತರು. ಆಮೇಲೆ ಒಳಗೆ ಹೋಗಿ ಅಜ್ಜನ ಪಕ್ಕ ನೆಲದ ಮೇಲೆ ಕೂತರು.

"ತಪ್ಪು ನನ್ನದು ಅಜ್ಜ. ಹುಡುಗಿಯದ್ದಲ್ಲ."

"ತಪ್ಪು ಅಂತ ಯಾರಂದ್ರು ತಾಯಿ? ನಿಮ್ಮ ಪದ್ಧತಿ ನಿಮ್ಗೆ. ನಮ್ಮ ಹುಡುಗಿ ನಮ್ಗೆ."

ಗಟ್ಟಿಯಾಗಿ ಬೈದಿದ್ದರೆ ಮೇಡಂ ತಡೆದುಕೊಳ್ಳುತ್ತಿದ್ದರೋ ಏನೋ. ಆ ಮೆತ್ತಗಿನ ಮಾತಿಗೆ ಅವರ ಕಣ್ಣಲ್ಲಿ ನೀರು ಬಂತು. ಸೆರಗಿನಲ್ಲಿ ಒರೆಸಿಕೊಂಡು ಕೇಳಿದರು: "ಆ ಕಂಬಳಿ ಮೊದಲಿನ ಹಾಗೆ ನೀರು ತಡೆದರೆ ಅವಳನ್ನು ಕಳುಹಿಸುತ್ತೀರಾ?" ಅಜ್ಜ ಗೋಡೆಯ ಕಡೆ ತಿರುಗಿದ. "ತೊಳ್ದು ಹೋಗಿದ್ದು ವಾಪಸ್ ಬರ್ತತಾ?" ಎಂದ. ಕಳುಹಿಸುವುದಿಲ್ಲ ಎನ್ನಲಿಲ್ಲ. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಒಲೆ ಹೂಡಿದೆವು. ಆ ದಿನಗಳಲ್ಲೇ ಕುರಿಗಳ ಉಣ್ಣೆ ಕತ್ತರಿಸಿದ್ದರು. ತೊಳೆಯದ ಉಣ್ಣೆಯನ್ನು ಹಂಡೆಗೆ ತುಂಬಿ, ಉಪ್ಪು ಹಾಕಿ ಮೇಡಂ ಕುದಿಸಿದರು. ವಾಸನೆ ಎಂಥದ್ದು ಎಂದರೆ ಹುಟ್ಟಿನಿಂದ ಕುರಿಗಳ ನಡುವೆಯೇ ಇದ್ದ ನಮ್ಮ ಕೇರಿಯವರೇ ಮೂಗು ಮುಚ್ಚಿಕೊಂಡು ಬಂದು ಇಣುಕಿದರು. ಮೇಡಂಗೆ ಹುಚ್ಚು ಹಿಡಿದಿದೆ ಎಂದು ಸುದ್ದಿಯಾಯಿತು. ಉಣ್ಣೆ ತೆಗೆದು, ನೀರು ಆರಿದಾಗ ಮೇಲೆ ಹಳದಿ ಕೆನೆಯೊಂದು ಕಟ್ಟಿತು. ಅದನ್ನು ತೆಗೆದು ಮತ್ತೆ ಕಾಯಿಸಿ, ಹಳೆಯ ಪಂಚೆಯಲ್ಲಿ ಸೋಸಿದರು. ಅಷ್ಟು ಉಣ್ಣೆಗೆ ಸಿಕ್ಕಿದ್ದು ಒಂದು ಸಣ್ಣ ಬಟ್ಟಲು ಜಿಡ್ಡು. ಸಾಲದೆಂದು ಮತ್ತೆ ಹಂಡೆ ತುಂಬಿದೆವು.

ನನಗೆ ನಿಜವಾಗಿ ಗಾಬರಿಯಾದದ್ದು ಅವರು ಮತ್ತೆ ಸೋಪು ತುರಿಯಲು ಕೂತಾಗ. "ಮೇಡಂ, ಸೋಪೇ ಅಲ್ವಾ ಎಲ್ಲ ಹಾಳ್ಮಾಡಿದ್ದು?"

"ಹೌದಲ್ಲ. ಅದಕ್ಕೇ ಅದರ ಕೈಯಲ್ಲೇ ವಾಪಸು ತರಿಸುವುದು" ಎಂದರು. ತುರಿಯುತ್ತಲೇ ಪಾಠ ಮಾಡಿದರು. ಉಣ್ಣೆಯ ಜಿಡ್ಡಿನಲ್ಲಿ ಹೆಚ್ಚಿನ ಪಾಲು ಕಾರ್ಬನ್ ಮತ್ತು ಹೈಡ್ರೋಜನ್‌ಗಳ ಉದ್ದುದ್ದ ಸರಪಣಿ. ಎಳೆದುಕೊಳ್ಳುವ ಆಸೆಯಲ್ಲಿ ಆ ಎರಡೂ ಹೆಚ್ಚು ಕಡಿಮೆ ಸಮ. ಅಲ್ಲಿ ಯಾರ ಕಂಬಳಿಯನ್ನೂ ಯಾರೂ ಕಸಿದುಕೊಳ್ಳುವುದಿಲ್ಲ. ನೀರು ಹಾಗಲ್ಲ. ನಡುವೆ ಆಸೆಬುರುಕ ಆಕ್ಸಿಜನ್, ಎರಡು ಕಡೆ ಹೈಡ್ರೋಜನ್. ಅವು ಎದುರುಬದುರಾಗಿ ನೆಟ್ಟಗೆ ನಿಂತಿದ್ದರೆ ಎರಡು ಕಡೆಯ ಎಳೆತ ಒಂದನ್ನೊಂದು ತೀರಿಸಿಬಿಡುತ್ತಿತ್ತು, ಆದರೆ ನೀರಿನ ಅಣು ಮೊಣಕೈ ಮಡಚಿದ ಹಾಗೆ ಬಾಗಿದೆ. ಹಾಗಾಗಿ ಅದಕ್ಕೆ ಒಂದು ತುದಿ ಧನ, ಒಂದು ತುದಿ ಋಣ. ಒಂದರ ಧನ ಇನ್ನೊಂದರ ಋಣವನ್ನು ಹಿಡಿದುಕೊಂಡು ನೀರಿನ ಅಣುಗಳೆಲ್ಲ ತಮ್ಮತಮ್ಮಲ್ಲೇ ಕೈ ಹಿಡಿದಿರುತ್ತವೆ. ಜಿಡ್ಡಿನ ಮೇಲೆ ಬಿದ್ದರೆ ಅದನ್ನು ಮಾತಾಡಿಸದೆ ಗುಂಡಗೆ ಉರುಳಿ ಹೋಗುತ್ತವೆ. ಸೋಪಿನ ಅಣುವಿಗೆ ಒಂದು ತುದಿ ನೀರಿನ ಜಾತಿ, ಇನ್ನೊಂದು ತುದಿ ಜಿಡ್ಡಿನ ಜಾತಿ. "ಅದು ಎರಡು ಮನೆಯ ನೆಂಟ. ಇಲ್ಲಿಂದ ಅಲ್ಲಿಗೆ ಹೊರುತ್ತದೆ, ಅಲ್ಲಿಂದ ಇಲ್ಲಿಗೂ ಹೊರುತ್ತದೆ. ಆ ದಿನ ಸೋಪು ರಾಶಿ ಹಾಕಿ ಜಾಲಿಸಿ ಚೆಲ್ಲಿದೆ. ಇವತ್ತು ಸೋಪು ಚೂರು, ಜಿಡ್ಡು ತುಂಬ. ಜಾಲಿಸುವುದಿಲ್ಲ."

ಬಿಸಿನೀರಿನಲ್ಲಿ ಕಲಸಿದಾಗ ಜಿಡ್ಡು ಹಾಲಿನ ಹಾಗೆ ಬೆಳ್ಳಗೆ ಹರಡಿಕೊಂಡಿತು. ಕಂಬಳಿಯನ್ನು ಅದರಲ್ಲಿ ಅದ್ದಿ, ನೀರು ಆರುವವರೆಗೂ ಅಲ್ಲೇ ಬಿಟ್ಟೆವು. ಮೇಡಂ ಅಷ್ಟು ಹೊತ್ತೂ ಹಂಡೆ ಬಿಟ್ಟು ಅಲುಗಲಿಲ್ಲ. ಊಟಕ್ಕೆ ಕರೆದರೆ ಆಮೇಲೆ ಎಂದರು. ಅವರ ತುಟಿ ಅಲುಗುತ್ತಿತ್ತು. ಸೂತ್ರ ಹೇಳುತ್ತಿದ್ದರೋ ದೇವರ ಹೆಸರೋ...

ಹಿಂಡಿದ ಮೇಲೆ ಇನ್ನೊಂದು ತಾಪತ್ರಯ. ಕುಗ್ಗಿದ್ದ ಕಂಬಳಿಯನ್ನು ಒದ್ದೆಯಿರುವಾಗಲೇ ಎಳೆದು ಸರಿಮಾಡಬೇಕು. ಅದಕ್ಕೆ ನಾಲ್ಕು ಮೂಲೆಗೆ ನಾಲ್ವರು ಬೇಕು. ನಾವಿದ್ದದ್ದು ಮೂವರು ಹೆಂಗಸರು. ಕೇರಿಯವರು ನೋಡಿ ನಗಲು ಸಿಕ್ಕರೇ ಹೊರತು ಮುಟ್ಟಲು ಯಾರೂ ಬರಲಿಲ್ಲ. ಆಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಅಜ್ಜ ಎದ್ದು ಬಂದಿದ್ದ. ಯಾರ ಮುಖವನ್ನೂ ನೋಡದೆ ಬಂದು ನಾಲ್ಕನೆಯ ಮೂಲೆ ಹಿಡಿದ. "ಎಳೀರಿ ಮತ್ತೆ. ಎಲ್ರೂ ಸಮವಾಗಿ ಎಳೀಬೇಕು."

ಎಳೆದೆವು. ನಾಲ್ವರೂ ಹಿಂದಕ್ಕೆ ವಾಲಿ, ಕಾಲು ಊರಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆವು. ಕಂಬಳಿ ಬಿಗಿಯಾಗಿ ನಿಂತಿತು. ಅದರ ನಡುವೆ ಒಂದು ಉಣ್ಣೆಯ ಗಂಟು ಇತ್ತು. ನನ್ನ ಕಣ್ಣು ಅದರ ಮೇಲೆಯೇ ಇತ್ತು. ನಾಲ್ಕು ಕಡೆ ಇಷ್ಟು ಎಳೆದಾಟ ನಡೆದಿದ್ದರೂ ಆ ಗಂಟು ಇತ್ತಲೂ ಹೋಗಲಿಲ್ಲ, ಅತ್ತಲೂ ಹೋಗಲಿಲ್ಲ. ಹಾಗೆ ನೋಡುತ್ತಿರುವಾಗಲೇ ಅಜ್ಜನಿಗೆ ಕೆಮ್ಮು ಒತ್ತರಿಸಿ ಬಂತು, ಅವನ ಕೈಯಿಂದ ಮೂಲೆ ಜಾರಿತು. ಕಂಬಳಿ ಅಜ್ಜನ ಕಡೆಯಿಂದ ಚಿಮ್ಮಿ ನಮ್ಮ ಕಡೆಗೆ ನುಗ್ಗಿತು. ನಾವು ಮೂವರೂ ಹಿಂದಕ್ಕೆ ಬಿದ್ದೆವು. ಮೇಡಂ ಒಲೆಯ ಬೂದಿಯಲ್ಲಿ, ಅವ್ವ ತುಳಸಿಕಟ್ಟೆಯ ಬುಡದಲ್ಲಿ, ನಾನು ಕೆಸರಿನಲ್ಲಿ.

"ಕ್ಲೋರೋಫಾರಂ" ಎಂದೆ ನಾನು, ಕೆಸರಿನಲ್ಲಿ ಕೂತೇ.

ಮೇಡಂ ಬೂದಿ ಮೆತ್ತಿದ ಮುಖದಲ್ಲಿ ನನ್ನನ್ನೇ ನೋಡಿದರು. "ಮತ್ತೊಮ್ಮೆ ಹೇಳು."

ಹೇಳಿದೆ. ನಾಲ್ವರೂ ಸಮನಾಗಿ ನಾಲ್ಕು ಕಡೆ ಎಳೆದಾಗ ನಡುವಿನ ಗಂಟು ಎಲ್ಲಿಗೂ ಹೋಗಲಿಲ್ಲ, ಅದು ಟೆಟ್ರಾಕ್ಲೋರೈಡು. ಅಜ್ಜನ ಕೈ ಸೋತಾಗ ಎಲ್ಲ ಸೇರಿ ಅವನ ಎದುರಿನ ಕಡೆಗೆ ಹೋಯಿತು, ಅದು ಕ್ಲೋರೋಫಾರಂ. ಎಷ್ಟು ಜೋರು ಎಳೆದರು ಎಂಬುದು ಒಂದು ಮಾತು, ಎಲ್ಲೆಲ್ಲಿ ನಿಂತು ಎಳೆದರು ಎಂಬುದು ಇನ್ನೊಂದು. ಎರಡೂ ಬೇಕು. ಮೇಡಂ ಎದ್ದು ಬಂದು ನನ್ನ ಕೆನ್ನೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. "ನಿಜದಲ್ಲಿ ಅವು ಹೀಗೆ ಚಪ್ಪಟೆ ನಿಲ್ಲುವುದಿಲ್ಲ ಮಾರಾಯ್ತಿ, ಮೇಲೆ ಒಂದು, ಕೆಳಗೆ ಮುಕ್ಕಾಲಿಯ ಕಾಲಿನ ಹಾಗೆ ಮೂರು. ಆದರೆ ಲೆಕ್ಕ ಇದೇ" ಎಂದರು. ಅವರ ಕೈ ಕುರಿಯ ವಾಸನೆ ಹೊಡೆಯುತ್ತಿತ್ತು.

ಅಜ್ಜ ಏನೂ ತಿಳಿಯದೆ ನಿಂತಿದ್ದ. "ಏನಂತೆ ಅದು?" ಎಂದು ಅವ್ವನನ್ನು ಕೇಳಿದ. "ನೀನು ಕೈ ಬಿಟ್ರೆ ನಾವು ಬೀಳ್ತೀವಂತೆ ಮಾವ" ಎಂದಳು ಅವ್ವ, ಸೀರೆ ಕೊಡವಿಕೊಳ್ಳುತ್ತ. ಅಜ್ಜ ಮತ್ತೆ ಮೂಲೆ ಹಿಡಿದ.

ಕಂಬಳಿ ಒಣಗಲು ದಿನಗಳೇ ಹಿಡಿದವು. ಅಷ್ಟೂ ದಿನ ನನಗೆ ಅನ್ನ ಸೇರಲಿಲ್ಲ. ಒಣಗಿದ ಮೇಲೆ ಮೇಡಂ ಅದನ್ನು ತಾವೇ ಕೊಪ್ಪೆ ಹಾಕಿಕೊಂಡು ಅಂಗಳದ ನಡುವೆ ಒರಳುಕಲ್ಲಿನ ಮೇಲೆ ಕೂತರು. "ಸುರಿಯಿರಿ ಅಜ್ಜ." ಅಜ್ಜ ತಂಬಿಗೆ ತೆಗೆದುಕೊಂಡವನು ಅದನ್ನಿಟ್ಟು ಕೊಡವನ್ನೇ ಎತ್ತಿದ. ನಾನು ಅವ್ವನ ಬೆನ್ನ ಹಿಂದೆ ನಿಂತಿದ್ದೆ. ನೀರು ಬಿತ್ತು. ಕರಿ ಕಂಬಳಿಯ ಮೇಲೆ ಮಣಿಗಳು ಎದ್ದವು, ಒಂದನ್ನೊಂದು ಸೇರಿ ದಪ್ಪವಾದವು, ಬೆನ್ನ ಮೇಲಿಂದ ಉರುಳಿ ನೆಲಕ್ಕೆ ಇಳಿದವು. ಅಜ್ಜ ಇನ್ನೊಂದು ಕೊಡ ಸುರಿದ. ಮತ್ತೂ ಒಂದು. ಆಮೇಲೆ ಕಂಬಳಿಯೊಳಗೆ ಕೈಹಾಕಿ, ಕೊಳ್ಳಲಿರುವ ಕುರಿಯ ಮೈ ತಡವಿ ನೋಡುವಂತೆ ನಿಧಾನವಾಗಿ ತಡವಿದ. ಹೆಗಲ ಬಳಿ ಕೈ ನಿಂತಿತು. ಅಲ್ಲಿ ಮೇಡಂ ರವಿಕೆ ಅಂಗೈಯಗಲ ಒದ್ದೆಯಾಗಿತ್ತು.

ಮೇಡಂ ತಲೆ ತಗ್ಗಿಸಿದರು. ಅಜ್ಜ ಒದ್ದೆ ಕೈಯನ್ನು ತನ್ನ ಪಂಚೆಗೆ ಒರೆಸಿಕೊಂಡ.

"ಹೆಗಲತ್ರ ಸೋರ್ತತೆ ತಾಯಿ. ಅಲ್ಲಿಗೆ ಇನ್ನೊಂದಿಷ್ಟು ಹಚ್ರಿ" ಎಂದ. ಒಳಗೆ ಹೋಗುವವನು ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆಯೇ, "ನಾಳೆ ಕಾಲೇಜಿಗೆ ಹೊತ್ತಾಗದಂಗೆ ಎದ್ದೇಳವ್ವ" ಎಂದ.

ನಾನು ಓದಿದೆ. ಎರಡನೆಯ ವರ್ಷ ಪಾಸಾಗಿ, ಜಿಲ್ಲಾ ಕೇಂದ್ರವಾದ ದುರ್ಗದಲ್ಲಿ ಡಿಗ್ರಿ ಮಾಡಿ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದೆ. ಪ್ರತಿ ವರ್ಷ ನಾಲ್ಕು ಮಕ್ಕಳನ್ನು ಎಬ್ಬಿಸಿ ಜಮಖಾನ ಹಿಡಿಸುತ್ತಿದ್ದೆ, ಒಬ್ಬರಿಗೆ ಕೈಬಿಡು ಎನ್ನುತ್ತಿದ್ದೆ. ಬೀಳುವ ಮಕ್ಕಳಿಗೆ ನಗು. ನನಗೆ ಮಾತ್ರ ಹಿತ್ತಲ ವಾಸನೆ ಬರುತ್ತಿತ್ತು.

ಮೇಡಂ ಹೊಸದುರ್ಗದಲ್ಲಿ ಹೆಚ್ಚು ಕಾಲ ಇರಲಿಲ್ಲ. ನನ್ನ ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಅವರಿಗೆ ತಮ್ಮ ಕಡೆಗೆ ವರ್ಗವಾಯಿತು. ಹೊರಡುವ ದಿನ ಅಜ್ಜ ಆ ಕಂಬಳಿಯನ್ನು ತಂದು ಅವರ ಹೆಗಲ ಮೇಲೆ ಹಾಕಿದ. ತನಗೆ ಬೇರೆ ನೇಯಿಸಿ ಇಟ್ಟುಕೊಂಡಿದ್ದ. "ನಿಮ್ಮ ಕಡೀಗೆ ಮಳೆ ಜಾಸ್ತಿಯಂತೆ. ಇದು ನಿಮ್ಮತ್ರ ಇರ್ಲಿ. ಒಗೀಬ್ಯಾಡ್ರಿ ಮತ್ತೆ." ಆ ದಿನ ಅಜ್ಜ ನಕ್ಕದ್ದನ್ನು ನೋಡಿದೆ, ಮೇಡಂ ಅತ್ತದ್ದನ್ನೂ ನೋಡಿದೆ. ಅಜ್ಜ ಬಹಳ ವರ್ಷ ಬದುಕಿದ. ಅವ್ವ ತೀರಿಹೋದದ್ದು ಅವನು ಹೋಗಿ ಎಷ್ಟೋ ಕಾಲದ ಮೇಲೆ.

ಅವ್ವ ಹೋದ ಮರು ವರ್ಷ ಮೇಡಂ ಊರನ್ನು ಹುಡುಕಿಕೊಂಡು ಹೋದೆ. ಇಷ್ಟು ತಡವಾದದ್ದಕ್ಕೆ ಕಾರಣ ಸಂಸಾರ, ಕೆಲಸ, ನಾಳೆ ಹೋದರಾಯಿತು ಎಂಬ ಉದಾಸೀನ. ಕಡಲಿಗೆ ಹತ್ತಿರದ ಸಣ್ಣ ಮನೆ. ಮದುವೆಯಾಗಿರಲಿಲ್ಲ, ತಮ್ಮನ ಮಗಳು ಜೊತೆಗಿದ್ದಳು. ಮೇಡಂ ಕುಗ್ಗಿ ಪುಟ್ಟಗಾಗಿದ್ದರು, ಧ್ವನಿ ಮಾತ್ರ ಅದೇ. ನನ್ನನ್ನು ಗುರುತಿಸಿದವರೇ "ಹೈಡ್ರೋಜನ್ ಬಂತು" ಎಂದರು. ಕಂಬಳಿ ಅಂಗಳದಲ್ಲಿ ಬಿಸಿಲು ಕಾಯುತ್ತಿತ್ತು. ಬೇರೆ ಯಾರನ್ನೂ ಅದನ್ನು ಮುಟ್ಟಲು ಬಿಡುವುದಿಲ್ಲ, ಒಗೆಯಲು ಹೋದರೆ ಜಗಳಕ್ಕೆ ನಿಲ್ಲುತ್ತಾರೆ ಎಂದು ತಮ್ಮನ ಮಗಳು ದೂರು ಹೇಳಿದಳು. ಸಂಜೆ ಅದನ್ನು ಮಡಿಸಲು ನಾವಿಬ್ಬರೂ ಎದುರುಬದುರು ನಿಂತೆವು. ಅವರು ಆ ತುದಿ, ನಾನು ಈ ತುದಿ. ಬಿಗಿಯಾಗಿ ಎಳೆದು ಹಿಡಿದಾಗ ಮೇಡಂ ಅಜ್ಜನನ್ನೂ ಅವ್ವನನ್ನೂ ಹುಡುಕುವವರಂತೆ ಎರಡು ಪಕ್ಕಕ್ಕೆ ನೋಡಿದರು. ಆಮೇಲೆ ನಕ್ಕರು.

"ಈಗ ನಾವು ಕಾರ್ಬನ್ ಡೈಆಕ್ಸೈಡ್ ಆದೆವಲ್ಲ" ಎಂದರು. "ನಡುವೆ ಆ ಗಂಟು, ಎರಡು ಕಡೆ ಎರಡೇ ಕೈ, ನೆಟ್ಟಗೆ. ಆದರೂ ನೋಡು, ಎಲ್ಲಿಗೂ ವಾಲಲಿಲ್ಲ."

ಆಮೇಲೆ ಒಂದೆರಡು ಸಲ ಫೋನಿನಲ್ಲಿ ಮಾತಾಡಿದ್ದುಂಟು. ಮತ್ತೊಮ್ಮೆ ಹೋಗಬೇಕು ಎಂದುಕೊಳ್ಳುವಷ್ಟರಲ್ಲಿ ಅವರು ಇಲ್ಲವಾದರು. ಕೆಲವು ತಿಂಗಳ ಮೇಲೆ ತಮ್ಮನ ಮಗಳು ಬಂದು ಕಂಬಳಿಯನ್ನು ನನ್ನ ಕೈಗಿಟ್ಟು ಹೋದಳು. ಟ್ರಂಕಿನಲ್ಲಿಟ್ಟೆ. ತೆಗೆಯಲು ಧೈರ್ಯ ಬಂದಿರಲಿಲ್ಲ.

ಮೊನ್ನೆ, ಮುಲಾಮಿನ ವಾಸನೆ ಬೆರಳಲ್ಲಿ ಇರುವಾಗಲೇ ತೆಗೆದೆ. ಅಂಚು ಅಲ್ಲಲ್ಲಿ ಹುಳು ತಿಂದಿತ್ತು. ನಡುವಿನ ಉಣ್ಣೆಯ ಗಂಟು ಹಾಗೇ ಇತ್ತು. ಹೆಗಲ ಜಾಗ ಹುಡುಕಿ, ಟ್ಯೂಬಿನಲ್ಲಿದ್ದ ಮುಲಾಮು ಅಲ್ಲಿಗೆ ಇನ್ನೊಂದಿಷ್ಟು ಹಚ್ಚಿ, ಲೋಟದಿಂದ ನಾಲ್ಕು ಹನಿ ನೀರು ಚಿಮುಕಿಸಿದೆ. ಮಣಿಗಳು ಎದ್ದು ನಿಂತವು. ನೋಡ್ರಿ ಎನ್ನಲು ತಿರುಗಿದೆ. ಒಳಕೋಣೆಯಲ್ಲಿ ಮಗಳೂ ಕೂಸೂ ನಿದ್ದೆ ಹೋಗಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ಹೇಳಬೇಕಾದವರು ಬೇರೆ ಮೂವರು, ಅವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಬಿಸಿಲು ಹೋಗುವವರೆಗೆ ಕಂಬಳಿಯ ಪಕ್ಕ ಕೂತಿದ್ದು, ಆಮೇಲೆ ಒಂದು ತುದಿಯನ್ನು ಗದ್ದದಡಿ ಒತ್ತಿ ಹಿಡಿದು ಒಬ್ಬಳೇ ಮಡಿಸಿದೆ.